ಲ್ಯಾಪ್‌ಟಾಪ್‌ಗೆ ವೈರ್‌ಲೆಸ್ ಗೇಮಿಂಗ್ ಮೌಸ್: ಡಾಂಗಲ್ ಕೂರಿಸುವುದರಿಂದ ಮಳೆಗಾಲದ ಆರೈಕೆಯವರೆಗೆ

ಹೋದ ವರ್ಷ ಆಶ್ಲೇಷ ಮಳೆ ಹೊಯ್ಯುತ್ತಿದ್ದಾಗ ತಂಗಿಯ ಮಗ ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಗೆ ಬಂದಿದ್ದ. ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ಓದುತ್ತಾನೆ, ವಿನೋಬನಗರದಲ್ಲಿ ರೂಮು. ಖರ್ಚಿನ ದುಡ್ಡಲ್ಲೇ ಉಳಿಸಿ ಒಂದು ವೈರ್‌ಲೆಸ್ ಗೇಮಿಂಗ್ ಮೌಸ್ ತಗೊಂಡಿದ್ದ. ಆದರೆ ಮುಖ ಸಪ್ಪಗಿತ್ತು. "ಮಾವ, ಇದು ಸರಿ ಇಲ್ಲ. ಗೇಮ್‌ನಲ್ಲಿ ಜೋರಾಗಿ ಎಳೆದ್ರೆ ಮಧ್ಯೆ ಮಧ್ಯೆ ನಿಲ್ಲುತ್ತೆ. ವಾಪಸ್ ಕಳಿಸ್ತೀನಿ" ಅಂದ.

ಲ್ಯಾಪ್‌ಟಾಪ್ ನೋಡಿದೆ. ಬಲಗಡೆ ಎರಡು ಯುಎಸ್‌ಬಿ ಪೋರ್ಟ್. ಒಂದರಲ್ಲಿ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್, ಅದಕ್ಕೆ ಅಂಟಿಕೊಂಡಂತೆ ಪಕ್ಕದಲ್ಲೇ ಮೌಸ್‌ನ ಡಾಂಗಲ್, ಅಂದರೆ ಮೌಸ್‌ನ ಸಿಗ್ನಲ್ ಹಿಡಿಯುವ ಪುಟ್ಟ ಯುಎಸ್‌ಬಿ ತುಂಡು. ಬಾಕ್ಸ್‌ನಲ್ಲಿ ಬಂದಿದ್ದ ಎಕ್ಸ್‌ಟೆನ್ಷನ್ ಕೇಬಲ್ ಇನ್ನೂ ಬಿಚ್ಚದೆ ಹಾಗೇ ಇತ್ತು. ಅದನ್ನು ಎಡಗಡೆ ಪೋರ್ಟ್‌ಗೆ ಹಾಕಿ, ತುದಿಗೆ ಡಾಂಗಲ್ ಸಿಕ್ಕಿಸಿ, ಮೌಸ್ ಪ್ಯಾಡ್ ಪಕ್ಕಕ್ಕೆ ತಂದಿಟ್ಟೆವು. ಅಷ್ಟೇ. ಮೌಸ್ ಬೆಣ್ಣೆಯ ಹಾಗೆ ಓಡಿತು.

ಲ್ಯಾಪ್‌ಟಾಪ್ ಜೊತೆ ವೈರ್‌ಲೆಸ್ ಮೌಸ್ ತೊಂದರೆ ಕೊಟ್ಟರೆ ಹೆಚ್ಚಿನ ಸಲ ತಪ್ಪು ಮೌಸ್‌ನದ್ದಲ್ಲ. ಒಂದೋ ಡಾಂಗಲ್ ಕೂತ ಜಾಗ ಸರಿ ಇರುವುದಿಲ್ಲ, ಇಲ್ಲವೋ ಕರೆಂಟ್ ಉಳಿಸಲು ವಿಂಡೋಸ್ ಮಾಡುವ ಕೆಲಸ ಅಡ್ಡ ಬರುತ್ತಿರುತ್ತದೆ. ಹಾಗಾಗಿ ಈ ಎರಡಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಕೊಳ್ಳುವಾಗ

ಈ ಭಾಗ ಚಿಕ್ಕದು. ಮೂರು ವಿಷಯ ನೋಡಿದರೆ ಸಾಕು.

ಮೊದಲನೆಯದು, 2.4 ಗಿಗಾಹರ್ಟ್ಸ್ ಡಾಂಗಲ್ ಇರಲೇಬೇಕು. ಬರೀ ಬ್ಲೂಟೂತ್ ಇರುವ ಮೌಸ್ ಗೇಮ್‌ಗೆ ಬೇಡ. ಗೇಮಿಂಗ್ ಮೌಸ್ ತನ್ನ ಡಾಂಗಲ್ ಮೂಲಕ ಸೆಕೆಂಡಿಗೆ 1000 ಸಲ ತಾನೆಷ್ಟು ಸರಿದೆ ಎಂದು ಲ್ಯಾಪ್‌ಟಾಪ್‌ಗೆ ಹೇಳುತ್ತದೆ. ಅಂದರೆ ಪ್ರತಿ 1 ಮಿಲಿಸೆಕೆಂಡಿಗೆ ಒಂದು ಸುದ್ದಿ. ಇದಕ್ಕೆ ಪೋಲಿಂಗ್ ರೇಟ್ ಎನ್ನುತ್ತಾರೆ. ಸಾಮಾನ್ಯ ಬ್ಲೂಟೂತ್ ಮೌಸ್ ಸೆಕೆಂಡಿಗೆ ಸುಮಾರು 125 ಸಲ ಹೇಳುತ್ತದೆ, ಅಂದರೆ 8 ಮಿಲಿಸೆಕೆಂಡಿಗೆ ಒಂದು. ಎಕ್ಸೆಲ್ ಶೀಟ್‌ಗೆ ಅದು ಧಾರಾಳ ಸಾಕು. ಗುರಿ ಇಟ್ಟು ಹೊಡೆಯುವ ಗೇಮ್‌ನಲ್ಲಿ ಮಾತ್ರ ಕೈಗೆ ವ್ಯತ್ಯಾಸ ತಿಳಿಯುತ್ತದೆ.

ಎರಡನೆಯದು, ಎಕ್ಸ್‌ಟೆನ್ಷನ್ ಕೇಬಲ್. ಬಾಕ್ಸ್‌ನಲ್ಲಿ ಇಲ್ಲದಿದ್ದರೆ ಒಂದು ಯುಎಸ್‌ಬಿ 2.0 ಎಕ್ಸ್‌ಟೆನ್ಷನ್ ಕೇಬಲ್ ಬೇರೆಯಾಗಿ ತಗೊಳ್ಳಿ. ಒಂದು ಮೀಟರ್ ಉದ್ದ ಸಾಕು.

ಮೂರನೆಯದು ನಮ್ಮ ಮಲೆನಾಡಿನವರಿಗೆ ಮುಖ್ಯ. ಕ್ಲಿಕ್ ಬಟನ್ ಒಳಗಿನ ಸ್ವಿಚ್ ಎರಡು ತರ ಇರುತ್ತದೆ. ಮೆಕ್ಯಾನಿಕಲ್ ಸ್ವಿಚ್‌ನಲ್ಲಿ ಲೋಹದ ಚಿಕ್ಕ ತಗಡು ಲೋಹಕ್ಕೆ ತಾಗಿದಾಗ ಕ್ಲಿಕ್ ಆಗುತ್ತದೆ. ಆ ತುದಿ ಸವೆದರೆ ಅಥವಾ ತೇವಕ್ಕೆ ಕಿಲುಬು ಹಿಡಿದರೆ ಒಂದು ಸಲ ಒತ್ತಿದ್ದಕ್ಕೆ ಎರಡು ಕ್ಲಿಕ್ ಬೀಳುತ್ತದೆ. ಆಪ್ಟಿಕಲ್ ಸ್ವಿಚ್‌ನಲ್ಲಿ ಬೆಳಕಿನ ಕಿರಣ ತಡೆದಾಗ ಅಥವಾ ಬಿಟ್ಟಾಗ ಕ್ಲಿಕ್ ಗೊತ್ತಾಗುವುದರಿಂದ ಈ ಕಾಯಿಲೆ ಬರುವುದಿಲ್ಲ. ನಾಲ್ಕು ತಿಂಗಳು ಗೋಡೆಯೇ ಬೆವರುವ ಊರಲ್ಲಿ ಇರುವವರು ಬಜೆಟ್ ಒಪ್ಪಿದರೆ ಆಪ್ಟಿಕಲ್ ಸ್ವಿಚ್ ಇರುವುದನ್ನೇ ನೋಡಿ.

20,000, 30,000 ಡಿಪಿಐ (ಒಂದು ಇಂಚು ಸರಿದಾಗ ಮೌಸ್ ಎಣಿಸುವ ಹೆಜ್ಜೆ) ಎಂದು ಬಾಕ್ಸ್ ಮೇಲೆ ಬರೆದಿದ್ದಕ್ಕೆ ದುಡ್ಡು ಜಾಸ್ತಿ ಕೊಡಬೇಡಿ. ಅಷ್ಟು ಡಿಪಿಐಯಲ್ಲಿ ಯಾರೂ ಆಡುವುದಿಲ್ಲ.

ಜೋಡಿಸುವುದು

ಮೌಸ್ ಮತ್ತು ಡಾಂಗಲ್ ಫ್ಯಾಕ್ಟರಿಯಲ್ಲೇ ಜೋಡಿಯಾಗಿ ಬರುತ್ತವೆ. ಡಾಂಗಲ್ ಕಾಣಲಿಲ್ಲ ಎಂದು ಗಾಬರಿ ಬೇಡ. ತುಂಬಾ ಮೌಸ್‌ಗಳಲ್ಲಿ ಅದು ಹೊಟ್ಟೆಯೊಳಗೇ ಇರುತ್ತದೆ. ಉದಾಹರಣೆಗೆ ಲಾಜಿಟೆಕ್ ಜಿ304ರಲ್ಲಿ ಮೇಲಿನ ಮುಚ್ಚಳ ತೆಗೆದರೆ ಬ್ಯಾಟರಿ ಕೂರುವ ಜಾಗದ ಹತ್ತಿರವೇ ಡಾಂಗಲ್‌ಗೂ ಒಂದು ಗೂಡಿದೆ.

ಬ್ಯಾಟರಿ ಹಾಕಿ, ಅಥವಾ ಒಳಗೇ ಬ್ಯಾಟರಿ ಇದ್ದರೆ ಒಮ್ಮೆ ಪೂರ್ತಿ ಚಾರ್ಜ್ ಮಾಡಿ. ಅಡಿಯಲ್ಲಿರುವ ಸ್ವಿಚ್ ಆನ್ ಮಾಡಿ. ಕೆಲವದರಲ್ಲಿ ಈ ಸ್ವಿಚ್‌ಗೆ ಮೂರು ಸ್ಥಾನ ಇರುತ್ತದೆ: ಆಫ್, 2.4, ಬ್ಲೂಟೂತ್. 2.4ಕ್ಕೆ ತಳ್ಳಿ. ಡಾಂಗಲ್ ಸಿಕ್ಕಿಸಿ ಅರ್ಧ ನಿಮಿಷ ಕಾಯಿರಿ. ಪಾಯಿಂಟರ್ ಓಡಾಡುತ್ತದೆ. ಆದರೆ ಓಡಾಡಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ.

ಡಾಂಗಲ್ ಎಲ್ಲಿ ಕೂರಬೇಕು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ನೀಲಿ ಬಣ್ಣದ ನಾಲಿಗೆ ಇರುವ ಅಥವಾ ಪಕ್ಕದಲ್ಲಿ ಎಸ್‌ಎಸ್ ಎಂದು ಗುರುತಿರುವ ಯುಎಸ್‌ಬಿ 3.0 ಪೋರ್ಟ್ ಹೆಚ್ಚಿನ ಲ್ಯಾಪ್‌ಟಾಪ್‌ನಲ್ಲಿ ಇರುತ್ತದೆ. ಅದರಲ್ಲಿ ಹಾರ್ಡ್ ಡಿಸ್ಕೋ ಪೆನ್ ಡ್ರೈವೋ ಜೋರಾಗಿ ಕೆಲಸ ಮಾಡುವಾಗ ಸುತ್ತಲೂ ರೇಡಿಯೋ ಗದ್ದಲ ಹರಡುತ್ತದೆ. ಆ ಗದ್ದಲ ಬೀಳುವುದು ಸರಿಯಾಗಿ 2.4 ಗಿಗಾಹರ್ಟ್ಸ್ ಹತ್ತಿರ, ಅಂದರೆ ನಿಮ್ಮ ಮೌಸ್ ಮಾತಾಡುವ ಜಾಗದಲ್ಲೇ. ಇಂಟೆಲ್ ಕಂಪನಿ 2012ರಲ್ಲೇ ಇದನ್ನು ಅಳೆದು ವರದಿ ಪ್ರಕಟಿಸಿತ್ತು. ಜಾತ್ರೆಯ ಮೈಕಿನ ಪಕ್ಕ ನಿಂತು ಪಿಸುಮಾತು ಕೇಳಿಸಿಕೊಂಡ ಹಾಗೆ ಆಗುತ್ತದೆ ಡಾಂಗಲ್‌ನ ಪಾಡು. ಮೌಸ್ ಹೇಳಿದ್ದು ಕೆಲವು ಸಲ ಕೇಳುವುದೇ ಇಲ್ಲ. ಆಗ ಪಾಯಿಂಟರ್ ತಡವರಿಸುತ್ತದೆ.

ಹೀಗೆ ಮಾಡಿ:

1. ಎಕ್ಸ್‌ಟೆನ್ಷನ್ ಕೇಬಲ್‌ನ ತುದಿಗೆ ಡಾಂಗಲ್ ಹಾಕಿ, ಮೌಸ್ ಪ್ಯಾಡ್‌ನಿಂದ ಒಂದು ಗೇಣು ದೂರದಲ್ಲಿ ಇಡಿ. ಮೌಸ್‌ಗೂ ಡಾಂಗಲ್‌ಗೂ ನಡುವೆ ಲ್ಯಾಪ್‌ಟಾಪ್‌ನ ಮೈ, ಸ್ಟೀಲ್ ಲೋಟ, ಇನ್ನೊಂದು ಫೋನ್ ಇರಬಾರದು.

2. ಕೇಬಲ್ಲನ್ನು ಹಾರ್ಡ್ ಡಿಸ್ಕ್ ಇರುವ ಕಡೆಗೆ ಹಾಕಬೇಡಿ. ಲ್ಯಾಪ್‌ಟಾಪ್‌ನಲ್ಲಿ ಕಪ್ಪು ನಾಲಿಗೆಯ 2.0 ಪೋರ್ಟ್ ಇದ್ದರೆ ಮೌಸ್‌ಗೆ ಅದನ್ನೇ ಮೀಸಲಿಡಿ. ಮೌಸ್ ಕಳಿಸುವ ಸುದ್ದಿ ತೀರಾ ಚಿಕ್ಕದು, ಅದಕ್ಕೆ 3.0ರ ವೇಗ ಬೇಕಿಲ್ಲ.

3. ಟೈಪ್ ಸಿ ಹಬ್ ಬಳಸುವವರು ಡಾಂಗಲ್ಲನ್ನು ನೇರವಾಗಿ ಹಬ್‌ಗೆ ಚುಚ್ಚಬೇಡಿ. ಹಬ್‌ನ ಒಳಗೂ ಅದೇ ಗದ್ದಲ. ಬೇರೆ ಪೋರ್ಟ್ ಇಲ್ಲವೇ ಇಲ್ಲ ಎಂದರೆ ಹಬ್‌ನಿಂದಲೂ ಎಕ್ಸ್‌ಟೆನ್ಷನ್ ಕೇಬಲ್ ಎಳೆದು ಡಾಂಗಲ್ಲನ್ನು ದೂರ ತನ್ನಿ.

4. ವೈಫೈ ರೌಟರ್‌ನಿಂದ ಎರಡು ಮೀಟರಾದರೂ ದೂರ ಇರಲಿ. ರೂಮಿನಲ್ಲಿ ಟೇಬಲ್ ಮೇಲೇ ರೌಟರ್ ಇಟ್ಟುಕೊಂಡು ಆಡುವವರನ್ನು ತುಂಬಾ ನೋಡಿದ್ದೇನೆ. ಅದನ್ನು ಗೋಡೆಗೆ ಹತ್ತಿಸಿ.

ವೈಫೈಗೂ 2.4 ಗಿಗಾಹರ್ಟ್ಸ್ ಇದೆ ಅಲ್ವಾ? ಹಾಗಾಗಿ ಲ್ಯಾಪ್‌ಟಾಪನ್ನು ಆದಷ್ಟು 5 ಗಿಗಾಹರ್ಟ್ಸ್ ವೈಫೈಗೆ ಸೇರಿಸಿ. ಶಿವಮೊಗ್ಗದ ಒಂದು ರೂಮಿನ ಬಾಡಿಗೆ ಮನೆಯಲ್ಲಿ ಇದು ಸುಲಭ. ನಮ್ಮ ಹಳ್ಳಿ ಮನೆಗಳಲ್ಲಿ ಹಾಗಲ್ಲ. ದಪ್ಪ ಮಣ್ಣಿನ ಗೋಡೆ, ಜಂಬಿಟ್ಟಿಗೆ ಗೋಡೆ ದಾಟುವಷ್ಟರಲ್ಲಿ 5 ಗಿಗಾಹರ್ಟ್ಸ್ ಸೊರಗಿಬಿಡುತ್ತದೆ. ನಾನು ಜಗಲಿಯ ರೌಟರ್‌ನಿಂದ ಒಳಗಿನ ಕೋಣೆಗೆ ಲ್ಯಾನ್ ಕೇಬಲ್ ಎಳೆದಿದ್ದೇನೆ. ಗೇಮ್‌ಗೂ ಅದೇ ಒಳ್ಳೆಯದು, ಮೌಸ್‌ಗೂ ಗದ್ದಲ ಕಡಿಮೆ. ಕೇಬಲ್ ಎಳೆಯಲು ಆಗದಿದ್ದರೆ ರೌಟರ್ ಸೆಟ್ಟಿಂಗ್‌ನಲ್ಲಿ 2.4ರ ಚಾನೆಲ್ಲನ್ನು 1, 6, 11 ಈ ಮೂರರಲ್ಲಿ ಬದಲಿಸಿ ನೋಡಿ. ಯಾವುದರಲ್ಲಿ ಮೌಸ್ ಹಗುರಾಗಿ ಓಡುತ್ತದೋ ಅದರಲ್ಲಿ ಬಿಡಿ.

ಬ್ಲೂಟೂತ್ ಮೋಡ್‌ನಲ್ಲಿ ಬಳಸುವವರಿಗೆ ಒಂದು ಮಾತು. ಸಾಮಾನ್ಯವಾಗಿ ಲ್ಯಾಪ್‌ಟಾಪ್‌ನಲ್ಲಿ ವೈಫೈ ಮತ್ತು ಬ್ಲೂಟೂತ್ ಒಂದೇ ಕಾರ್ಡ್‌ನಲ್ಲಿ ಇರುತ್ತವೆ, ಆಂಟೆನಾವನ್ನೂ ಹಂಚಿಕೊಳ್ಳುತ್ತವೆ. 2.4 ವೈಫೈಯಲ್ಲಿ ದೊಡ್ಡ ಡೌನ್‌ಲೋಡ್ ಹಾಕಿದಾಗ ಬ್ಲೂಟೂತ್ ಮೌಸ್ ಎಳೆದಾಡಿದರೆ ಕಾರಣ ಇದೇ.

ಬದಲಾವಣೆ ಆಯಿತೋ ಇಲ್ಲವೋ ತಿಳಿಯಲು ಪೇಂಟ್ ತೆರೆಯಿರಿ. ಪೆನ್ಸಿಲ್ ಹಿಡಿದು ಬೇಗ ಬೇಗ ದೊಡ್ಡ ದೊಡ್ಡ ಸುತ್ತು ಬರೆಯಿರಿ. ಡಾಂಗಲ್ ಹಳೆಯ ಜಾಗದಲ್ಲಿ ಇದ್ದಾಗ ಒಂದು, ಹೊಸ ಜಾಗದಲ್ಲಿ ಒಂದು. ಸಿಗ್ನಲ್ ಬಿಟ್ಟು ಹೋದಾಗ ಸುತ್ತಿನಲ್ಲಿ ಮೂಲೆಗಳು, ಉದ್ದನೆಯ ನೇರ ಗೆರೆಗಳು ಕಾಣುತ್ತವೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಬೇರೆ ಪರೀಕ್ಷೆ ಬೇಡ.

ವಿಂಡೋಸ್ ಸರಿಮಾಡುವುದು

ಮೊದಲು ಕರೆಂಟ್ ಉಳಿತಾಯದ ವಿಷಯ. ಆರಿದ್ರಾ ಮಳೆ ಹಿಡಿದರೆ ನಮ್ಮ ಕಡೆ ಮರ ಬಿದ್ದು ಲೈನ್ ಹೋಗುವುದು ಮಾಮೂಲು. ಚಾರ್ಜರ್‌ನಲ್ಲಿ ಚೆನ್ನಾಗಿ ಓಡುತ್ತಿದ್ದ ಮೌಸ್, ಕರೆಂಟ್ ಹೋದ ಕೂಡಲೇ ತೂಕಡಿಸಲು ಶುರುಮಾಡುತ್ತದೆ. ಸ್ವಲ್ಪ ಹೊತ್ತು ಮುಟ್ಟದೆ ಬಿಟ್ಟರೆ ಮೊದಲ ಕ್ಲಿಕ್ ಹೋಗುವುದೇ ಇಲ್ಲ. ಲ್ಯಾಪ್‌ಟಾಪ್ ಬ್ಯಾಟರಿಗೆ ಬಂದಾಗ ವಿಂಡೋಸ್ ಯುಎಸ್‌ಬಿ ಪೋರ್ಟ್‌ಗಳನ್ನು ಮಲಗಿಸುವುದೇ ಇದಕ್ಕೆ ಕಾರಣ.

ಕಂಟ್ರೋಲ್ ಪ್ಯಾನೆಲ್‌ನಲ್ಲಿ ಪವರ್ ಆಪ್ಷನ್ಸ್ ತೆರೆಯಿರಿ. ಚೇಂಜ್ ಪ್ಲಾನ್ ಸೆಟ್ಟಿಂಗ್ಸ್, ಆಮೇಲೆ ಚೇಂಜ್ ಅಡ್ವಾನ್ಸ್ಡ್ ಪವರ್ ಸೆಟ್ಟಿಂಗ್ಸ್. ಅಲ್ಲಿ ಯುಎಸ್‌ಬಿ ಸೆಟ್ಟಿಂಗ್ಸ್ ಒಳಗೆ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಎಂದಿದೆ. ಎರಡು ಸಾಲಿನಲ್ಲೂ ಡಿಸೇಬಲ್ಡ್ ಮಾಡಿ. ಆನ್ ಬ್ಯಾಟರಿ ಎಂಬ ಸಾಲೇ ನಮಗೆ ಮುಖ್ಯ.

ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಈ ಆಯ್ಕೆ ಕಾಣುವುದಿಲ್ಲ. ಆಗ ಡಿವೈಸ್ ಮ್ಯಾನೇಜರ್‌ಗೆ ಹೋಗಿ. ಕೊನೆಯಲ್ಲಿ ಯೂನಿವರ್ಸಲ್ ಸೀರಿಯಲ್ ಬಸ್ ಕಂಟ್ರೋಲರ್ಸ್ ಎಂಬುದನ್ನು ಬಿಚ್ಚಿ. ಯುಎಸ್‌ಬಿ ರೂಟ್ ಹಬ್ ಮೇಲೆ ಎರಡು ಸಲ ಕ್ಲಿಕ್ ಮಾಡಿ, ಪವರ್ ಮ್ಯಾನೇಜ್‌ಮೆಂಟ್ ಟ್ಯಾಬ್‌ನಲ್ಲಿ, ಕರೆಂಟ್ ಉಳಿಸಲು ಈ ಸಾಧನ ಆಫ್ ಮಾಡಬಹುದು ಎಂಬ ಅರ್ಥದ ಸಾಲಿನ ಟಿಕ್ ತೆಗೆಯಿರಿ. ಒಂದಕ್ಕಿಂತ ಹೆಚ್ಚು ರೂಟ್ ಹಬ್ ಇದ್ದರೆ ಎಲ್ಲದರಲ್ಲೂ ತೆಗೆಯಿರಿ. ಬ್ಯಾಟರಿ ಸ್ವಲ್ಪ ಬೇಗ ಇಳಿಯಬಹುದು. ನನ್ನ ಮಟ್ಟಿಗೆ ಅದು ಒಪ್ಪುವ ಮಾತು.

ಬ್ಯಾಟರಿಗೆ ಬಂದಾಗ ಇನ್ನೊಂದು ಮೋಸ ಆಗುತ್ತದೆ. ಕೆಲವು ಲ್ಯಾಪ್‌ಟಾಪ್‌ಗಳು ಪರದೆಯ ರಿಫ್ರೆಶ್ ರೇಟ್ ಅನ್ನು ತಾವಾಗಿಯೇ 144ರಿಂದ 60ಕ್ಕೆ ಇಳಿಸುತ್ತವೆ. 144ರಲ್ಲಿ ಸುಮಾರು 7 ಮಿಲಿಸೆಕೆಂಡಿಗೆ ಹೊಸ ಚಿತ್ರ ಬರುತ್ತಿದ್ದರೆ, 60ರಲ್ಲಿ ಅದು ಸುಮಾರು 17 ಮಿಲಿಸೆಕೆಂಡ್. ಮೌಸ್ ಭಾರವಾಯಿತು ಅನ್ನಿಸುತ್ತದೆ, ಆದರೆ ನಿಧಾನ ಆಗಿರುವುದು ಪರದೆ. ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇ ಎಂದು ಹೋದರೆ ಈಗ ಎಷ್ಟಿದೆ ಎಂದು ತಿಳಿಯುತ್ತದೆ.

ಈಗ ಪಾಯಿಂಟರ್. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಬ್ಲೂಟೂತ್ ಅಂಡ್ ಡಿವೈಸಸ್, ಮೌಸ್, ಅಡಿಷನಲ್ ಮೌಸ್ ಸೆಟ್ಟಿಂಗ್ಸ್. ಪಾಯಿಂಟರ್ ಆಪ್ಷನ್ಸ್ ಟ್ಯಾಬ್‌ನಲ್ಲಿ ಎನ್‌ಹ್ಯಾನ್ಸ್ ಪಾಯಿಂಟರ್ ಪ್ರಿಸಿಷನ್ ಎಂಬುದರ ಟಿಕ್ ತೆಗೆಯಿರಿ. ಹೆಸರು ಚೆನ್ನಾಗಿದೆ, ಕೆಲಸ ಬೇರೆ. ಕೈ ಎಷ್ಟು ವೇಗವಾಗಿ ಹೋಯಿತು ಎಂದು ನೋಡಿ ಪಾಯಿಂಟರ್ ಹೋಗುವ ದೂರವನ್ನೇ ಅದು ಬದಲಿಸುತ್ತದೆ. ಒಂದು ಗೇಣು ಎಳೆದರೆ ಯಾವಾಗಲೂ ಅಷ್ಟೇ ದೂರ ಹೋಗಬೇಕು. ಆಗ ಮಾತ್ರ ಕೈಗೆ ಅಳತೆ ಕೂರುತ್ತದೆ. ವೇಗದ ಸ್ಲೈಡರ್ ಅನ್ನು ಸರಿಯಾಗಿ ನಡುವೆ, ಅಂದರೆ 11 ಗುರುತುಗಳಲ್ಲಿ 6ನೆಯದಕ್ಕೆ ಇಡಿ.

ಟಚ್‌ಪ್ಯಾಡ್ ಆಫ್ ಮಾಡಿ. ಅಂಗೈ ತಾಗಿ ಪಾಯಿಂಟರ್ ಹಾರುವುದು ಲ್ಯಾಪ್‌ಟಾಪ್‌ನವರ ಹಳೆಯ ಗೋಳು. ಟಚ್‌ಪ್ಯಾಡ್ ಸೆಟ್ಟಿಂಗ್‌ನಲ್ಲಿ ಮೌಸ್ ಸೇರಿಸಿದಾಗಲೂ ಟಚ್‌ಪ್ಯಾಡ್ ಆನ್ ಇರಲಿ ಎಂಬ ಸಾಲಿನ ಟಿಕ್ ತೆಗೆದರೆ, ಡಾಂಗಲ್ ಹಾಕಿದಾಗ ತಾನಾಗಿ ಆಫ್ ಆಗುತ್ತದೆ, ತೆಗೆದಾಗ ತಾನಾಗಿ ಬರುತ್ತದೆ.

ಡಿಪಿಐ ಮತ್ತು ಸೆನ್ಸಿಟಿವಿಟಿ

ಮೌಸ್ ಒಂದು ಇಂಚು ಸರಿದಾಗ ಎಷ್ಟು ಹೆಜ್ಜೆ ಎಣಿಸುತ್ತದೆ ಎಂಬುದೇ ಡಿಪಿಐ. 800 ಅಥವಾ 1600 ಇಟ್ಟುಕೊಳ್ಳಿ, ಉಳಿದದ್ದನ್ನು ಗೇಮ್ ಒಳಗೆ ಸರಿಮಾಡಿ.

ವ್ಯಾಲರಂಟ್ ಎಂಬ ಗುರಿ ಇಟ್ಟು ಹೊಡೆಯುವ ಗೇಮ್ ಆಡುವವರಿಗೆ ಒಂದು ಲೆಕ್ಕ. 800 ಡಿಪಿಐ, ಗೇಮ್‌ನಲ್ಲಿ 0.4 ಸೆನ್ಸ್ (ಸೆನ್ಸಿಟಿವಿಟಿ, ಅಂದರೆ ಮೌಸ್ ಸರಿದಷ್ಟಕ್ಕೆ ನೋಟ ಎಷ್ಟು ತಿರುಗಬೇಕು ಎಂಬ ಸಂಖ್ಯೆ) ಇಟ್ಟರೆ, ಪೂರ್ತಿ ಒಂದು ಸುತ್ತು ತಿರುಗಲು ಮೌಸ್ ಸುಮಾರು 41 ಸೆಂಟಿಮೀಟರ್ ಸರಿಯಬೇಕು. 1600 ಡಿಪಿಐಗೆ 0.2 ಇಟ್ಟರೂ ಅದೇ 41. ಈಗ ನಿಮ್ಮ ಟೇಬಲ್ ಅಳೆಯಿರಿ. ಲ್ಯಾಪ್‌ಟಾಪ್ ಇಟ್ಟಮೇಲೆ ಬಲಗಡೆ 25 ಸೆಂಟಿಮೀಟರ್ ಮಾತ್ರ ಉಳಿದರೆ, ಹಿಂದೆ ತಿರುಗಲು ಬೇಕಾದ ಅರ್ಧ ಸುತ್ತಿಗೆ 20 ಸಾಕು, ಅಂದರೆ ಆಗುತ್ತದೆ. 15 ಮಾತ್ರ ಉಳಿದರೆ ಸೆನ್ಸ್ ಅನ್ನು 0.6ರ ಹತ್ತಿರ ತನ್ನಿ. ದೊಡ್ಡ ಆಟಗಾರರ ಸೆನ್ಸ್ ನೋಡಿ ಹಾಗೇ ಹಾಕಿಕೊಳ್ಳುವುದಕ್ಕಿಂತ ನಿಮ್ಮ ಟೇಬಲ್ ಹೇಳಿದ್ದು ಕೇಳುವುದು ಮೇಲು. ಸಿಎಸ್ 2 (ಕೌಂಟರ್ ಸ್ಟ್ರೈಕ್ 2) ಗೇಮ್‌ನಿಂದ ಬಂದವರು ಅಲ್ಲಿನ ಸೆನ್ಸ್ ಅನ್ನು 3.18ರಿಂದ ಭಾಗಿಸಿದರೆ ವ್ಯಾಲರಂಟ್‌ಗೆ ಬೇಕಾದ ಸಂಖ್ಯೆ ಸಿಗುತ್ತದೆ, ಡಿಪಿಐ ಬದಲಿಸಬಾರದು ಅಷ್ಟೇ.

ಒಮ್ಮೆ ಇಟ್ಟಮೇಲೆ ಎರಡು ವಾರ ಮುಟ್ಟಬೇಡಿ. ದಿನಾ ಬದಲಿಸಿದರೆ ಕೈ ಏನನ್ನೂ ಕಲಿಯುವುದಿಲ್ಲ.

ಪೋಲಿಂಗ್ ರೇಟ್ 1000 ಇರಲಿ. ಈಗ 4000, 8000 ಬರುವ ಮೌಸ್‌ಗಳೂ ಇವೆ. ಅಷ್ಟಕ್ಕೆ ಹೋದರೆ ಪ್ರೊಸೆಸರ್ ಮೇಲೆ ಹೊರೆ ಬೀಳುತ್ತದೆ, ಮೌಸ್ ಬ್ಯಾಟರಿಯೂ ಬೇಗ ಖಾಲಿ. ಸಾಧಾರಣ ಲ್ಯಾಪ್‌ಟಾಪ್‌ನಲ್ಲಿ ಗೇಮ್‌ನ ಫ್ರೇಮ್ ಕಡಿಮೆಯಾಗಿ ನಷ್ಟವೇ ಆಗಬಹುದು.

ಇದನ್ನೆಲ್ಲ ಬದಲಿಸಲು ಕಂಪನಿಯ ಸಾಫ್ಟ್‌ವೇರ್ ಬೇಕು. ಲಾಜಿಟೆಕ್‌ಗೆ ಜಿ ಹಬ್, ರೇಜರ್‌ಗೆ ಸಿನಾಪ್ಸ್. ನಿಮ್ಮ ಮೌಸ್‌ಗೆ ಆನ್‌ಬೋರ್ಡ್ ಮೆಮೊರಿ ಇದ್ದರೆ ಸೆಟ್ಟಿಂಗ್ ಅನ್ನು ಮೌಸ್ ಒಳಗೇ ಉಳಿಸಿ, ಆಮೇಲೆ ಸಾಫ್ಟ್‌ವೇರ್ ತಾನಾಗಿ ಶುರುವಾಗುವುದನ್ನು ನಿಲ್ಲಿಸಿಬಿಡಿ. 8 ಜಿಬಿ ರ‍್ಯಾಮ್ ಲ್ಯಾಪ್‌ಟಾಪ್‌ನಲ್ಲಿ ಸುಮ್ನೆ ಹಿಂದೆ ಓಡುವ ಪ್ರತಿಯೊಂದೂ ಭಾರವೇ. ಸ್ನೇಹಿತರ ಲ್ಯಾಪ್‌ಟಾಪ್‌ಗೆ ಹಾಕಿದರೂ ನಿಮ್ಮ ಡಿಪಿಐ ನಿಮ್ಮ ಜೊತೆಗೇ ಬರುತ್ತದೆ. ಲಿನಕ್ಸ್ ಬಳಸುವವರು ಪೈಪರ್ ಎಂಬ ಸಾಫ್ಟ್‌ವೇರ್ ನೋಡಿ, ತುಂಬಾ ಗೇಮಿಂಗ್ ಮೌಸ್‌ಗಳು ಅದರಲ್ಲಿ ಸಿಗುತ್ತವೆ.

ಮೌಸ್ ಓಡುವ ನೆಲ

ನಮ್ಮ ಹಳೆಯ ಮನೆಗಳ ಕೆಂಪು ಗಾರೆ ನೆಲ ಕನ್ನಡಿಯ ಹಾಗೆ ಹೊಳೆಯುತ್ತದೆ. ಕೂರಲು ತಂಪು, ಮೌಸ್‌ಗೆ ಒಳ್ಳೆಯದಲ್ಲ. ಸೆನ್ಸರ್ ಎಂದರೆ ನೆಲದ ಚಿತ್ರ ತೆಗೆಯುತ್ತಾ ಹೋಗುವ ಚಿಕ್ಕ ಕ್ಯಾಮೆರಾ. ಹೊಳಪು ನೆಲದಲ್ಲಿ, ಗಾಜಿನ ಟೇಬಲ್‌ನಲ್ಲಿ ಅದಕ್ಕೆ ಗುರುತು ಸಿಗುವುದಿಲ್ಲ. ಬಟ್ಟೆಯ ಪ್ಯಾಡ್ ಹಾಕಿ. 45 ಸೆಂಟಿಮೀಟರ್ ಅಗಲದ್ದು ಸಿಕ್ಕರೆ ಒಳ್ಳೆಯದು.

ಲ್ಯಾಪ್‌ಟಾಪ್‌ನ ಬಲಗಡೆಯಿಂದ ಬಿಸಿಗಾಳಿ ಬರುತ್ತದೆಯೇ ನೋಡಿ. ಬಂದರೆ ಲ್ಯಾಪ್‌ಟಾಪನ್ನು ಸ್ವಲ್ಪ ಎಡಕ್ಕೆ ಸರಿಸಿ, ಓರೆಯಾಗಿ ಇಡಿ. ಇಲ್ಲದಿದ್ದರೆ ಅರ್ಧ ಗಂಟೆಯಲ್ಲಿ ಕೈ ಬೆವತು ಮೌಸ್ ಜಾರುತ್ತದೆ.

ಬ್ಯಾಟರಿ

ಒಳಗೇ ಬ್ಯಾಟರಿ ಇರುವ ಮೌಸ್‌ಗೆ ಲ್ಯಾಪ್‌ಟಾಪ್‌ನ ಪೋರ್ಟ್‌ನಿಂದ ಚಾರ್ಜ್ ಮಾಡಿದರೆ ಸಾಕು. ಮಧ್ಯೆ ಖಾಲಿಯಾದರೆ ಕೇಬಲ್ ಹಾಕಿಕೊಂಡೇ ಆಡಬಹುದು. ಬಣ್ಣದ ಲೈಟ್ ಆಫ್ ಮಾಡಿದರೆ ಹೆಚ್ಚು ದಿನ ಬಾಳುತ್ತದೆ, ಕೈಯ ಕೆಳಗೆ ಮುಚ್ಚಿಹೋಗುವ ಲೈಟ್ ಅದು.

ಡಬಲ್ ಎ ಸೆಲ್ ಹಾಕುವ ಮೌಸ್‌ಗಳ ಬಗ್ಗೆ ನನಗೆ ಒಲವು ಜಾಸ್ತಿ. ಎರಡು ದಿನ ಕರೆಂಟ್ ಇಲ್ಲದಿದ್ದರೂ ಅಂಗಡಿಯಿಂದ ಒಂದು ಸೆಲ್ ತಂದರೆ ಆಯಿತು. ಜಿ304ಕ್ಕೆ ಒಂದು ಸೆಲ್‌ನಲ್ಲಿ 250 ಗಂಟೆಯವರೆಗೆ ಬರುತ್ತದೆ ಎಂದು ಕಂಪನಿ ಹೇಳುತ್ತದೆ. ಮೌಸ್ ಭಾರ ಅನ್ನಿಸಿದರೆ ಲಿಥಿಯಂ ಸೆಲ್ ಹಾಕಿ ನೋಡಿ. ಸಾಮಾನ್ಯ ಆಲ್ಕಲೈನ್ ಸೆಲ್ ಸುಮಾರು 23 ಗ್ರಾಂ, ಲಿಥಿಯಂ ಸುಮಾರು 15 ಗ್ರಾಂ. ರೀಚಾರ್ಜ್ ಸೆಲ್ 1.2 ವೋಲ್ಟ್‌ನದ್ದಾದ ಕಾರಣ ಸಾಫ್ಟ್‌ವೇರ್ ತೋರಿಸುವ ಬ್ಯಾಟರಿ ಶೇಕಡಾವಾರು ತಪ್ಪಾಗಿರಬಹುದು, ಅದನ್ನು ನಂಬಬೇಡಿ.

ಮಳೆಗಾಲದಲ್ಲಿ

ಬಟ್ಟೆಯ ಪ್ಯಾಡ್ ತೇವ ಎಳೆದುಕೊಂಡು ಮೌಸ್ ಭಾರವಾಗಿ ಓಡುತ್ತದೆ. ಮೂಲೆಯಲ್ಲಿ ಇಟ್ಟರೆ ಬೂಷ್ಟು ಹಿಡಿಯುತ್ತದೆ. ಆಡಿದ ಮೇಲೆ ಸುತ್ತಿ ಕಪಾಟಿಗೆ ತುರುಕಬೇಡಿ, ಹಾಸಿಯೇ ಬಿಡಿ. ತೊಳೆಯುವುದಿದ್ದರೆ ತಣ್ಣೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕು ಹನಿ ಹಾಕಿ ಮೆತ್ತಗೆ ಉಜ್ಜಿ, ಬಿಸಿಲು ಬಂದ ದಿನವೇ ತೊಳೆಯಿರಿ. ಬಚ್ಚಲ ಒಲೆಯ ಹತ್ತಿರ ಒಣಗಿಸಿದರೆ ಕೆಳಗಿನ ರಬ್ಬರ್ ಸೊಟ್ಟಗಾಗಿ ಮತ್ತೆ ನೆಟ್ಟಗೆ ಕೂರುವುದಿಲ್ಲ.

ವಾರಗಟ್ಟಲೆ ಆಡುವುದಿಲ್ಲ ಎಂದಾದರೆ ಸೆಲ್ ತೆಗೆದಿಡಿ. ಆಲ್ಕಲೈನ್ ಸೆಲ್ ಸೋರಿ ಸ್ಪ್ರಿಂಗ್ ಮೇಲೆ ಬಿಳಿ ಪುಡಿ ಕಟ್ಟಿದರೆ, ಹತ್ತಿಕಡ್ಡಿಗೆ ಒಂದು ಹನಿ ವಿನೆಗರ್ ಹಚ್ಚಿ ಒರೆಸಿ, ಆಮೇಲೆ ಒಣ ಬಟ್ಟೆಯಲ್ಲಿ ಒರೆಸಿ, ಒಂದು ದಿನ ಒಣಗಲು ಬಿಡಿ. ಮೌಸನ್ನು ಗಾಳಿಯಾಡದ ಡಬ್ಬಿಯಲ್ಲಿ, ಹೊಸ ಶೂ ಜೊತೆ ಬರುವ ಸಿಲಿಕಾ ಜೆಲ್ ಚೀಟಿ ಎರಡು ಮೂರು ಹಾಕಿ ಇಟ್ಟರೆ ಸ್ವಿಚ್‌ಗೂ ಒಳ್ಳೆಯದು.

ಬಸ್ಸಿನಲ್ಲಿ ಶಿವಮೊಗ್ಗಕ್ಕೋ ಸಾಗರಕ್ಕೋ ಹೋಗುವಾಗ ಡಾಂಗಲ್ಲನ್ನು ಲ್ಯಾಪ್‌ಟಾಪ್‌ನಲ್ಲೇ ಬಿಡಬೇಡಿ. ಬ್ಯಾಗ್ ಒತ್ತಿದರೆ ಪೋರ್ಟ್ ಬಾಗುತ್ತದೆ. ಮೌಸ್‌ನ ಗೂಡಿನಲ್ಲಿ ಸೇರಿಸಿ, ಸ್ವಿಚ್ ಆಫ್ ಮಾಡಿ, ಮೌಸನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ. ಡಾಂಗಲ್ ಕಳೆದರೆ ಯಾವುದೋ ಒಂದು ಡಾಂಗಲ್ ತಂದು ಹಾಕಲು ಆಗುವುದಿಲ್ಲ. ಅದೇ ಕಂಪನಿಯ, ಆ ಮೌಸ್‌ಗೆ ಹೊಂದುವ ಡಾಂಗಲ್ ಬೇಕು, ಅದನ್ನು ಕಂಪನಿಯ ಸಾಫ್ಟ್‌ವೇರ್‌ನಲ್ಲಿ ಮತ್ತೆ ಜೋಡಿ ಮಾಡಬೇಕು.

ಇಷ್ಟಾದರೂ ಸರಿಹೋಗದಿದ್ದರೆ

ಮೌಸ್ ತಿರುಗಿಸಿ ಸೆನ್ಸರ್‌ನ ತೂತು ನೋಡಿ. ಒಂದು ಕೂದಲು ಸಿಕ್ಕಿಕೊಂಡರೂ ಪಾಯಿಂಟರ್ ನಡುಗುತ್ತದೆ. ಒಣ ಹತ್ತಿಕಡ್ಡಿಯಲ್ಲಿ ಮೆಲ್ಲಗೆ ತೆಗೆಯಿರಿ. ಸೆಲ್ ಹೊಸದು ಹಾಕಿ. ಹಾರ್ಡ್ ಡಿಸ್ಕ್ ತೆಗೆದು, ವೈಫೈ ಆಫ್ ಮಾಡಿ ಪೇಂಟ್‌ನಲ್ಲಿ ಮತ್ತೆ ಸುತ್ತು ಬರೆಯಿರಿ. ಆಗ ಸರಿ ಇದ್ದರೆ ಡಾಂಗಲ್‌ಗೆ ಇನ್ನೂ ಒಳ್ಳೆಯ ಜಾಗ ಹುಡುಕಬೇಕು ಎಂದೇ ಅರ್ಥ. ಆಗಲೂ ತಡವರಿಸಿದರೆ ಬೇರೆಯವರ ಲ್ಯಾಪ್‌ಟಾಪ್‌ಗೆ ಹಾಕಿ ನೋಡಿ. ಅಲ್ಲಿ ಚೆನ್ನಾಗಿ ಓಡಿದರೆ ನಿಮ್ಮ ವಿಂಡೋಸ್ ಸೆಟ್ಟಿಂಗ್‌ಗೆ ಮರಳಿ. ಎರಡು ಕಡೆಯೂ ಅದೇ ತೊಂದರೆ ಇದ್ದರೆ ಪೇಂಟ್‌ನ ಆ ಚಿತ್ರ ಉಳಿಸಿ, ಫೋನ್‌ನಲ್ಲಿ ಒಂದು ಚಿಕ್ಕ ವಿಡಿಯೋ ಮಾಡಿ, ಬಿಲ್ ಜೊತೆಗೆ ವಾರಂಟಿಗೆ ಕಳಿಸಿ. ಕಳಿಸುವಾಗ ಡಾಂಗಲ್ಲನ್ನೂ ಜೊತೆಗೆ ಹಾಕಿ, ಸೆಲ್ ಮಾತ್ರ ತೆಗೆದಿಟ್ಟುಕೊಳ್ಳಿ.